ಇಲ್ಲದ ಬ್ರೇಕು

ಭಾವನ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಒಂದು ರಬ್ಬರ್ ಮ್ಯಾಟ್ ಬಿಟ್ಟರೆ ಏನೂ ಇರಲಿಲ್ಲ. ಇರಬೇಕಾದದ್ದೂ ಅಷ್ಟೇ, ಊರಿನ ಎಲ್ಲರ ಕಾರಿನಲ್ಲೂ ಅಲ್ಲಿರುವುದು ಅಷ್ಟೇ. ಆದರೂ ಅವನು ಬಾಗಿಲು ತೆಗೆದವನು ಕೂರದೆ, ಏನನ್ನೋ ಬೀಳಿಸಿಕೊಂಡವನ ಹಾಗೆ ಬಗ್ಗಿ, ಮ್ಯಾಟಿನ ಮೂಲೆ ಎತ್ತಿ ನೋಡಿದ. ಮಾತ್ರೆ ಖಾಲಿಯಾದ ಬೆಳ್ಳಿ ಬಣ್ಣದ ಹಾಳೆಯೊಂದು, ಒಂದಿಷ್ಟು ಮರಳು. "ಏನ್ ಹುಡುಕ್ತಿದ್ದೀಯೋ ಪಾಪು?" ಎಂದು ಅಕ್ಕ ಸ್ಟೀರಿಂಗ್ ಹಿಂದಿನಿಂದ ಕೇಳಿದಳು. ಏನಿಲ್ಲ ಎಂದ. ಐವತ್ತು ದಾಟಿ, ನೆತ್ತಿ ಬೋಳಾಗಿ, ಊರಿನ ಅರ್ಧಕ್ಕರ್ಧ ಜನರಿಗೆ ಕಾರು ಕಲಿಸಿ ಮೇಷ್ಟ್ರು ಅನ್ನಿಸಿಕೊಂಡ ಮೇಲೂ ಅವನನ್ನು ಪಾಪು ಎಂದು ಕರೆಯುವ ಹಕ್ಕು ಉಳಿಸಿಕೊಂಡವಳು ಅವಳೊಬ್ಬಳೇ. ಹಿಂದಿನ ಸೀಟಿನಲ್ಲಿ ಭಾವ ಎಡಗೈಯನ್ನು ಎಳೆಗೂಸಿನ ಹಾಗೆ ಮಡಿಲಲ್ಲಿ ಮಲಗಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಹಿಂದಿನ ದಿನ ಅಕ್ಕ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿದ್ದಳು. ಇವತ್ತು ಮೊದಲ ಸಲ, ಡ್ರೈವಿಂಗ್ ಸ್ಕೂಲಿನ ಕಾರಲ್ಲದೆ ಸ್ವಂತದ ಕಾರಿನಲ್ಲಿ, ಗಂಡನನ್ನು ಡಯಾಲಿಸಿಸ್‌ಗೆ ತಾನೇ ಕರೆದುಕೊಂಡು ಹೊರಟಿದ್ದಳು. ಇನ್ನು ಮೇಲೆ ವಾರಕ್ಕೆ ಮೂರು ಸಲ, ಅವರ ಜೀವ ಇರುವಷ್ಟು ದಿನವೂ, ಅವಳೇ ಕರೆದುಕೊಂಡು ಹೋಗಬೇಕು. ಅವಳಿಗೆ ಬ್ರೇಕು ಹಾಕಲು ಬರುವುದಿಲ್ಲ ಎನ್ನುವ ಸಂಗತಿ ಆ ಕಾರಿನಲ್ಲಿ ಕೂತ ಮೂವರ ಪೈಕಿ ಅವನೊಬ್ಬನಿಗೇ ಗೊತ್ತಿತ್ತು.

ಬರುವುದಿಲ್ಲ ಎಂದರೆ ತಪ್ಪಾದೀತು. ಬರುತ್ತದೋ ಇಲ್ಲವೋ ಎಂದು ನೋಡುವುದಕ್ಕೇ ಅವನು ಬಿಟ್ಟಿರಲಿಲ್ಲ. ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕಿರುತ್ತದೆ. ಅದನ್ನು ಒತ್ತಿದರೆ ಕಲಿಯುವವರ ಕಾಲ ಕೆಳಗಿನ ಪೆಡಲೂ ಮೆತ್ತಗೆ ಕೆಳಗಿಳಿಯುತ್ತದೆ. ಬೇರೆ ಮೇಷ್ಟ್ರುಗಳು ಅದನ್ನು ಧಡಕ್ಕನೆ ತುಳಿದು, ಕಲಿಯುವವರನ್ನು ಬೈದು, ಬೈದದ್ದನ್ನೇ ಪಾಠ ಅಂದುಕೊಳ್ಳುತ್ತಿದ್ದರು. ಅವನದು ಬೇರೆ. ಮೊಣಕಾಲು ಅಲುಗಿಸದೆ, ಪ್ಯಾಂಟಿನ ಮಡಿಕೆ ಕೂಡ ಕದಲದ ಹಾಗೆ, ಬರೀ ಹಿಮ್ಮಡಿ ಊರಿ ಪಾದದ ಮುಂಭಾಗದಿಂದ ಅದನ್ನು ಇಷ್ಟಿಷ್ಟೇ ಇಳಿಸುವುದು ಅವನಿಗೆ ಸಿದ್ಧಿಸಿತ್ತು. ಕಣ್ಣು ರಸ್ತೆಯ ಮೇಲೆ, ಕೈ ಮಡಿಲಲ್ಲಿ, ಬಾಯಲ್ಲಿ 'ಹಾಂ, ಹಾಗೇ, ಚೆನ್ನಾಗಿದೆ' ಎನ್ನುವ ಮಾತು. ಯಾವತ್ತಿನಿಂದ ಹೀಗೆ ಎಂದು ಅವನು ತನ್ನನ್ನು ಕೇಳಿಕೊಳ್ಳುವುದಿತ್ತು, ಉತ್ತರವೂ ಗೊತ್ತಿತ್ತು. ಒಂದು ಬೆಳಿಗ್ಗೆ, ಹೊಸದಾಗಿ ತೆರೆದ ಅಂಗಡಿಯೊಂದರ ಬೋರ್ಡನ್ನು ಓದುತ್ತ ಕೂತಿದ್ದಾಗ, ಪಕ್ಕದಲ್ಲಿದ್ದ ಕಲಿಯುವ ಹುಡುಗಿ ಸೈಕಲ್ಲಿನವನೊಬ್ಬನಿಗೆ ಕಾರು ತಾಗಿಸಿಬಿಟ್ಟಿದ್ದಳು. ಏನೂ ಆಗಲಿಲ್ಲ. ಆ ಮನುಷ್ಯ ಎದ್ದ, ಮೊಣಕೈ ಒರೆಸಿಕೊಂಡ, ಸೈಕಲ್ಲಿನ ಹ್ಯಾಂಡಲ್ ನೆಟ್ಟಗೆ ಮಾಡಿಕೊಂಡ. ಆಮೇಲೆ ಅಳುತ್ತಿದ್ದ ಹುಡುಗಿಯನ್ನು ನೋಡದೆ ಇವನನ್ನು ನೋಡಿದ. ಬೈದಿದ್ದರೆ ಮುಗಿದುಹೋಗುತ್ತಿತ್ತು. ನೋಡಿದ, ಹೋದ. ಅಂದಿನಿಂದ ಕಾಲು ಆ ಪೆಡಲಿನ ಮೇಲಿನಿಂದ ಕದಲಿದ್ದಿಲ್ಲ. ಹೇರ್‌ಕಟಿಂಗ್ ಕುರ್ಚಿಯಲ್ಲೂ, ಡೆಂಟಿಸ್ಟ್ ಮುಂದೆ ಬಾಯಿ ತೆರೆದು ಮಲಗಿದಾಗಲೂ ಒತ್ತಿಕೊಂಡೇ ಇರುತ್ತಿತ್ತು. ಅವನ ಕಾರಿನ ಬ್ರೇಕ್ ಲೈನರ್ ಬೇರೆಯವರದ್ದಕ್ಕಿಂತ ಬೇಗ ಸವೆಯುತ್ತಿತ್ತು. ಸ್ಕೂಲಿನ ಮಾಲೀಕ, ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಹೊಸದಾಗಿ ಸೇರಲು ಬಂದವರ ಎದುರಿಗೇ, ನಮ್ಮ ಮೇಷ್ಟ್ರು ಕಾರು ಓಡಿಸೋದನ್ನ ಕಲಿಸೋದಿಲ್ಲ, ನಿಲ್ಲಿಸೋದನ್ನ ಕಲಿಸ್ತಾರೆ ಎಂದು ನಕ್ಕಿದ್ದ. ಎಲ್ಲರ ಜೊತೆ ಅವನೂ ನಕ್ಕಿದ್ದ, ಸ್ವಲ್ಪ ಜಾಸ್ತಿಯೇ.

ಅಕ್ಕ ಕೀ ತಿರುಗಿಸಿದಳು. ತಿರುಗಿಸುವ ಮೊದಲು ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದುಕೊಂಡಳು. ಅವನಿಗೆ ಅದು ಬಾಯಿಪಾಠವಾಗಿತ್ತು: ಹೋಗುತ್ತೆ, ನಿಲ್ಲುತ್ತೆ, ಎಲ್ಲಾ ಸರಿಯಾಗೇ ಆಗುತ್ತೆ. ಆಸ್ಪತ್ರೆಯಲ್ಲಿ ಕಾಯುವವರ ಹಾಲಿನಲ್ಲಿ ಒಬ್ಬ ಹೆಂಗಸು, ತಾಯಿಯನ್ನು ಕರೆತರುವವಳು, ಅಕ್ಕನಿಗೆ ಇದನ್ನು ಹೇಳಿಕೊಟ್ಟಿದ್ದಳು. ದಿನ ಶುರುವಾಗುವ ಮೊದಲು ಮನಸ್ಸಿಗೆ ಒಳ್ಳೆಯದನ್ನು ಹೇಳಬೇಕಂತೆ. ಹೇಳಿದ್ದನ್ನು ನಂಬಬೇಕಂತೆ. ನಂಬಿದ್ದು ನಮ್ಮ ಕೈಕಾಲಿಗೆ ಇಳಿಯುತ್ತದಂತೆ. ಅಲ್ಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರೆಲ್ಲ ಹೀಗೆ ಒಬ್ಬರಿಗೊಬ್ಬರು ಧೈರ್ಯವನ್ನು ಕೈಬದಲು ಮಾಡಿಕೊಳ್ಳುತ್ತಿದ್ದರು. ಅವನಿಗೆ ಇದೆಲ್ಲ ಕಿರಿಕಿರಿ. ಒಳ್ಳೆಯದು ಆಗುತ್ತೆ ಎಂದುಕೊಂಡೇ ಅಲ್ಲವೇ ಅವತ್ತು ಅವನು ಅಂಗಡಿಯ ಬೋರ್ಡು ಓದುತ್ತ ಕೂತದ್ದು. ಕಾರು ಕಲಿಸುವವನು ಕೆಟ್ಟದ್ದನ್ನೇ ಯೋಚಿಸಬೇಕು: ಆ ಗೇಟಿನ ಸಂದಿಯಿಂದ ನಾಯಿ ನುಗ್ಗುತ್ತದೆ, ಆ ನಿಂತ ವ್ಯಾನಿನ ಬಾಗಿಲು ತೆರೆದುಕೊಳ್ಳುತ್ತದೆ, ಆ ಮುದುಕ ಅರ್ಧ ದಾರಿಗೆ ಬಂದು ಮನಸ್ಸು ಬದಲಿಸುತ್ತಾನೆ. ಆದರೆ ಅಕ್ಕನಿಗೆ ಎದುರು ಹೇಳುವುದು ಹೇಗೆ? ಭಾವನ ಕಿಡ್ನಿ ಕೈಕೊಟ್ಟ ಮೇಲೆ ಆ ಮನೆಯಲ್ಲಿ ನೆಟ್ಟಗೆ ನಿಂತಿದ್ದದ್ದು ಆ ಒಂದು ಮಾತೇ. ಮಕ್ಕಳಿಲ್ಲ. ಅಷ್ಟು ದಿನ ಅವನೇ ಕೆಲಸ ಬಿಟ್ಟು ಅವರನ್ನು ಕರೆದೊಯ್ಯುತ್ತಿದ್ದ. ಮಾಲೀಕ ಗೊಣಗಲು ಶುರುಮಾಡಿದಾಗ ಅಕ್ಕನೇ, ನಾಳೆ ನಿನಗೂ ಜ್ವರ ಬಂದು ಮಲಗಿದರೆ ಇವರ ರಕ್ತ ಕಾಯುತ್ತಾ ಪಾಪು, ನನಗೇ ಕಲಿಸಿಬಿಡು ಎಂದಿದ್ದಳು. ಐವತ್ತೆಂಟನೆಯ ವಯಸ್ಸಿನಲ್ಲಿ.

ಮೊದಲ ದಿನವೇ ಅವನು ಆ ಪೆಡಲನ್ನು ತೋರಿಸಿ, ಇದು ತೀರಾ ಅನಾಹುತ ಆಗೋ ಹೊತ್ತಿಗೆ ಮಾತ್ರ, ನಾನು ಮುಟ್ಟೋದೇ ಇಲ್ಲ ಎಂದು ಹೇಳಿದ್ದ. ಹೇಳುವಾಗಲೇ ಕಾಲು ಅದರ ಮೇಲಿತ್ತು. ಮೊದಲ ತಿರುವಿನಲ್ಲಿ ಅಕ್ಕ ಗಟ್ಟಿಯಾಗಿ 'ನಿಲ್ಲು' ಅಂದಳು. ಕಾರು ನಿಂತಿತು, ಹೂವಿನ ಮೇಲೆ ನಿಂತ ಹಾಗೆ. ಅವಳು ಅವನ ಕಡೆ ತಿರುಗಿದಾಗ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದದ್ದು ಏನೋ ಇತ್ತು. ನಾಳೆಯಿಂದ ಕಾಲು ತೆಗೆಯುತ್ತೇನೆ ಎಂದುಕೊಂಡ. ಮಾರನೆಯ ದಿನವೂ ಹಾಗೇ ಅಂದುಕೊಂಡ. ಇತರರ ಬಳಿ ಒಮ್ಮೊಮ್ಮೆಯಾದರೂ ಕಾಲು ಸಡಿಲಿಸಿ ನೋಡುತ್ತಿದ್ದವನಿಗೆ ಅಕ್ಕನ ಪಕ್ಕದಲ್ಲಿ ಅದು ಸಾಧ್ಯವೇ ಆಗಲಿಲ್ಲ. ಅಷ್ಟರಲ್ಲಿ ಅಕ್ಕ ಅದಕ್ಕೆ ಒಂದು ಅರ್ಥ ಕೊಟ್ಟುಕೊಂಡಿದ್ದಳು. ಒಂದು ದಿನ ಆಸ್ಪತ್ರೆಯ ಹಾಲಿನಲ್ಲಿ, ಅವನು ನೀರಿನ ಬಾಟಲಿ ತುಂಬಿಸಿಕೊಂಡು ವಾಪಸ್ಸು ಬಂದಾಗ, ಅವಳು ಸುತ್ತ ಕೂತವರಿಗೆ ಹೇಳುತ್ತಿದ್ದಳು: "ನಾನು ನಿಲ್ಲಬೇಕು ಅಂದ್ಕೊಂಡ್ರೆ ಸಾಕು, ಕಾಲು ಒತ್ತೋ ಮೊದ್ಲೇ ಪೆಡಲ್ ತಾನೇ ಕೆಳಗೆ ಹೋಗುತ್ತೆ. ಸುಳ್ಳಲ್ಲ, ಬೇಕಾದ್ರೆ ನನ್ನ ತಮ್ಮನ್ನ ಕೇಳಿ. ಮೇಷ್ಟ್ರು ಅವನು." ಎಲ್ಲರೂ ಅವನ ಕಡೆ ನೋಡಿದರು. ತಾಯಿಯನ್ನು ಕರೆತಂದಿದ್ದ ಹೆಂಗಸಿನ ಕಣ್ಣಲ್ಲಿ ನೀರು ಇತ್ತು. ಅವನು ತಲೆಯಾಡಿಸಿದ. ಹೌದೆಂದೂ ಆಗಬಹುದು, ಅಕ್ಕನ ಮಾತು ಬಿಡಿ ಎಂದೂ ಆಗಬಹುದು, ಅಂಥ ತಲೆಯಾಡಿಸುವಿಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಕನ್ನಡಿಯಲ್ಲಿ ನೋಡಿಕೊಂಡಾಗ ಪವಾಡ ಮಾಡಿ ಸಿಕ್ಕಿಬಿದ್ದ ಬೂದಿಸ್ವಾಮಿಯ ಹಾಗೆ ಕಾಣಿಸಿದ.

ಕಾರು ಓಣಿ ದಾಟಿ ದೊಡ್ಡ ರಸ್ತೆಗೆ ಬಂತು. ಎದುರಿಗೆ ಒಂದು ಸ್ಕೂಟರು ಅಡ್ಡ ನಿಂತಿತ್ತು. ಅವನ ಬಲಗಾಲು ಮ್ಯಾಟನ್ನು ಒತ್ತಿತು. ಸ್ಕೂಟರು ತಾನಾಗಿಯೇ ಸರಿಯಿತು. ಸಿಗ್ನಲ್ ಕೆಂಪಾಯಿತು, ಮತ್ತೆ ಒತ್ತಿತು. ಮುಂದೆ ಗಾಡಿಗಳ ಸಾಲು ಉದ್ದ ಇದ್ದು ಕಾರು ಮೊದಲೇ ತೆವಳುತ್ತಿದ್ದರಿಂದ ಅಲ್ಲೂ ಬಚಾವಾಯಿತು. ಗೇರಿನ ಹಿಡಿತಕ್ಕೇ ಕುಲುಕಿ ನಿಂತಿತು. ಈಗ ಹೇಳಿಬಿಡಬೇಕು ಎಂದುಕೊಂಡ. ಅಕ್ಕಾ, ಒಂದು ಮಾತು. ಹೇಳಿದರೆ ಅವಳ ಕೈ ನಡುಗುತ್ತದೆ. ನಡುಗುವ ಕೈಗೆ ಈ ಟ್ರಾಫಿಕ್ಕಿನಲ್ಲಿ ಸ್ಟೀರಿಂಗ್ ಬಿಟ್ಟುಕೊಟ್ಟ ಹಾಗಾಗುತ್ತದೆ. ಸಿಗ್ನಲ್ ದಾಟಿದ ಮೇಲೆ ಹೇಳೋಣ. ದಾಟಿದ ಮೇಲೆ ಮಾರ್ಕೆಟ್ಟು. ಮಾರ್ಕೆಟ್ಟಿನಲ್ಲಿ ಹೇಳುವುದು ಹೇಗೆ? ನಿನ್ನೆಯೇ ಹೇಳಬೇಕಿತ್ತು. ನಿನ್ನೆ ಪರೀಕ್ಷೆಯ ಮೈದಾನದಲ್ಲಿ ಆರ್‌ಟಿಓ ಸಾಹೇಬರು ಹಿಂದಿನ ಸೀಟಿನಲ್ಲಿ ಕೂತಿದ್ದರು, ಸ್ಕೂಲಿನವನೆಂದು ಇವನು ಮುಂದೆ ಅಕ್ಕನ ಪಕ್ಕದಲ್ಲಿ. ಅಲ್ಲಿ ಯಾವ ಕಾಲದಿಂದಲೋ ಕೂರುವುದು ಹಾಗೆ. ಪಕ್ಕದವನ ಕಾಲು ಏನು ಮಾಡುತ್ತಿದೆ ಎಂದು ಹಿಂದಿನಿಂದ ಕಾಣುವುದಿಲ್ಲ, ಕಾಣಬೇಕೆಂದು ಸಾಹೇಬರಿಗೂ ಆಸೆಯಿಲ್ಲ. ಬಿಳಿ ಗೆರೆ ಹತ್ತಿರ ಬಂದಾಗ ಅವನಿಗೆ ಒಂದು ಗಳಿಗೆ, ತೆಗೆದುಬಿಡು, ಗೆರೆ ದಾಟಲಿ, ಫೇಲಾಗಲಿ, ಇನ್ನೆರಡು ತಿಂಗಳು ಸರಿಯಾಗಿ ಕಲಿಸು ಎನ್ನಿಸಿತ್ತು. ಪಾದ ಇನ್ನೇನು ಮೇಲೇಳಬೇಕು. ಆಗ ಅಕ್ಕ ಉಸಿರಿನಲ್ಲೇ 'ನಿಲ್ಲುತ್ತೆ' ಎಂದದ್ದು ಕೇಳಿಸಿತು, ಮಲಗಿಸುವ ಮಗುವಿಗೆ ಹೇಳುವ ಹಾಗೆ. ಪಾದ ಇಳಿಯಿತು. ಗೆರೆಗೆ ಒಂದು ಗೇಣು ಹಿಂದೆ ಕಾರು ನಿಂತಿತು. ಸಾಹೇಬರು, ಈ ವಯಸ್ಸಲ್ಲಿ ಇಷ್ಟು ನಾಜೂಕಾಗಿ ನಿಲ್ಲಿಸೋರನ್ನ ನಾನು ನೋಡಿಲ್ಲಮ್ಮ ಎಂದಿದ್ದರು.

"ಅಕ್ಕ, ಸ್ವಲ್ಪ ನಿಧಾನ" ಎಂದ. ಅಷ್ಟೇ ಹೊರಬಂದದ್ದು.

"ನಿಧಾನವಾಗೇ ಇದ್ದೀನಿ. ನೀನು ಸುಮ್ನೆ ಕೂತ್ಕೊ ಪಾಪು, ನಿನ್ನ ಹೆದರಿಕೆ ನನಗೆ ಅಂಟ್ಕೊಳ್ಳುತ್ತೆ."

ಹಿಂದಿನಿಂದ ಭಾವ, ಮೇಷ್ಟ್ರಿಗೆ ಶಿಷ್ಯೆ ಮೇಲೆ ನಂಬಿಕೆ ಇಲ್ಲ ಅಂದ್ರೆ ಫೀಸು ವಾಪಸ್ಸು ಕೊಡ್ಬೇಕಾಗುತ್ತೆ ಎಂದು ತಮಾಷೆ ಮಾಡಿದರು. ಫೀಸು ತಗೊಂಡಿದ್ರೆ ತಾನೇ ಎಂದು ಅಕ್ಕ ನಕ್ಕಳು. ನಗುತ್ತಲೇ ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿಗೆ ಕಾರು ತಿರುಗಿಸಿದಳು. ಆ ಇಳಿಜಾರನ್ನು ಅವನು ಕನಸಿನಲ್ಲಿ ಕೂಡ ಇಳಿಯಬಲ್ಲ. ಅಲ್ಲಿ ಗೇರು ಹಿಡಿಯುವುದಿಲ್ಲ, ಬ್ರೇಕೇ ಗತಿ. ಕಾರು ತನ್ನ ಭಾರಕ್ಕೆ ತಾನೇ ಓಡತೊಡಗಿತು. ಕೆಳಗೆ, ಇಳಿಜಾರು ಮುಗಿಯುವಲ್ಲಿ, ಗೋಡೆಗೆ ಬಣ್ಣ ಬಳಿಯುವವನೊಬ್ಬ ಉದ್ದದ ಏಣಿಯನ್ನು ಹೆಗಲ ಮೇಲೆ ಅಡ್ಡ ಹೊತ್ತು ರಸ್ತೆ ದಾಟುತ್ತಿದ್ದ. ಅವನು ಅರ್ಧ ದಾರಿಗೆ ಬಂದವನು, ಯಾರೋ ಕರೆದರೆಂದು ಕಾಣುತ್ತದೆ, ನಿಂತು ಹಿಂದಕ್ಕೆ ತಿರುಗಿದ. ಅವನ ಜೊತೆ ಏಣಿಯೂ ತಿರುಗಿ ಇಡೀ ರಸ್ತೆಗೆ ಅಡ್ಡವಾಯಿತು. 'ನಿಲ್ಲು' ಎಂದಳು ಅಕ್ಕ. ಅವನು ಒತ್ತಿದ. ಮೊಣಕಾಲು, ತೊಡೆ, ಸೊಂಟ ಎಲ್ಲ ಸೇರಿಸಿ, ಇಷ್ಟು ವರ್ಷ ಅಡಗಿಸಿಟ್ಟ ಬಲವನ್ನೆಲ್ಲ ಹಾಕಿ ಒತ್ತಿದ. ಏಣಿ ದೊಡ್ಡದಾಯಿತು, ಅದರ ಮೆಟ್ಟಿಲುಗಳ ಮೇಲೆ ಒಣಗಿದ ನೀಲಿ, ಹಳದಿ ಬಣ್ಣದ ತೊಟ್ಟುಗಳು ಒಂದೊಂದಾಗಿ ಕಂಡವು. ಟಯರು ಕಿರುಚಿತು. ಮೈ ಮುಂದಕ್ಕೆ ಹೋಗಿ ಬೆಲ್ಟಿಗೆ ಜೋತುಬಿತ್ತು. ಏಣಿಯ ತುದಿ ಬಾನೆಟ್ಟಿಗೆ ತಗುಲಿ, ಯಾರೋ ಬಾಗಿಲು ತಟ್ಟಿದ ಹಾಗೆ, ಟಕ್ ಎಂದಿತು. ಕಾರು ನಿಂತಿತ್ತು. ಅವನಿಗೆ ಮೊದಲು ಅನ್ನಿಸಿದ್ದು, ಹೇಳಿಕೊಳ್ಳಲೂ ನಾಚಿಕೆ, ಸದ್ಯ ನಾನು ನಿಲ್ಲಿಸಿದೆನಲ್ಲ ಎಂದು.

ಬಣ್ಣದವನು ಏಣಿ ಇಳಿಸಿ, ತನ್ನ ಮೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಕಿಟಕಿಯ ಹತ್ತಿರ ಬಂದ. "ಅಮ್ಮಾ, ಬಳಿಯೋನು ನಾನು, ಗೋಡೆಗೆ. ನೀವು ನನ್ನನ್ನೇ ರಸ್ತೆಗೆ ಬಳಿಯೋಕೆ ಹೊರಟ್ರಲ್ಲ" ಎಂದ. ಅಕ್ಕ ಕೈ ಮುಗಿದಳು. ಅವನು ಇನ್ನೇನೋ ಹೇಳುವವನಿದ್ದ, ಹಿಂದೆ ಕೂತ ಭಾವನ ಕೈಯ ಸೂಜಿಗಾಯ ನೋಡಿ ಏಣಿ ಎತ್ತಿಕೊಂಡ. ಅಕ್ಕ ಬೆಲ್ಟು ಬಿಚ್ಚಿ, ಹಿಂದಕ್ಕೆ ಪೂರ್ತಿ ತಿರುಗಿ, ಗಂಡನ ಎಡಗೈಯನ್ನು ಹಿಡಿದು, ಮಣಿಕಟ್ಟಿನ ಮೇಲೆ ನಾಳ ಉಬ್ಬಿದ ಜಾಗದಲ್ಲಿ ಎರಡು ಬೆರಳಿಟ್ಟಳು. ಡಯಾಲಿಸಿಸ್‌ಗಾಗಿ ಅಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದರು. ಒಳಗೆ ರಕ್ತ ಝುಮ್ಮೆಂದು ಹರಿಯುತ್ತಿರಬೇಕು, ನಿಂತರೆ ಕೈ ಕೆಟ್ಟಿತು ಎಂದರ್ಥ. ಪೆಟ್ಟು ಬಿದ್ದರೂ ನಿಲ್ಲಬಹುದು ಎಂದಿದ್ದರು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅವಳು ಅದನ್ನು ಮುಟ್ಟಿ ನೋಡುವುದಿತ್ತು. ಈಗ ಕಣ್ಣು ಮುಚ್ಚಿ ಬಹಳ ಹೊತ್ತು ಹಿಡಿದಿದ್ದಳು. ಹಿಂದೆ ಗಾಡಿಗಳು ಹಾರನ್ ಹಾಕತೊಡಗಿದವು.

"ಇದೆ" ಎಂದಳು. ಕೈ ಬಿಟ್ಟು ಮುಂದೆ ತಿರುಗಿದಳು. ಬೆಲ್ಟು ಹಾಕಿಕೊಳ್ಳದೆ, ಸ್ಟೀರಿಂಗ್ ನೋಡುತ್ತ, ತನಗೆ ತಾನೇ ಎಂಬಂತೆ ಅಂದಳು: "ಪೆಡಲ್ ಹೋಗ್ಲಿಲ್ಲ. ಯಾವಾಗ್ಲೂ ಹೋಗ್ತಿತ್ತು, ಇವತ್ತು ಹೋಗ್ಲಿಲ್ಲ."

ಅವಳ ಕಣ್ಣು ನಿಧಾನವಾಗಿ ಅವನ ಮೊಣಕಾಲಿಗೆ, ಅಲ್ಲಿಂದ ಕೆಳಗೆ ಇಳಿಯಿತು. ಅವನ ಕಾಲು ಇನ್ನೂ ಒತ್ತಿಕೊಂಡೇ ಇತ್ತು. ರಬ್ಬರ್ ಮ್ಯಾಟು ಮುದುಡಿ ಮೇಲಕ್ಕೆದ್ದಿತ್ತು, ಶೂ ಅದರಡಿಯ ತಗಡಿಗೆ ತಾಗಿ ನಡುಗುತ್ತಿತ್ತು. ತೆಗೆಯಬೇಕೆಂದುಕೊಂಡರೂ ತೆಗೆಯಲಾಗಲಿಲ್ಲ, ಮರಗಟ್ಟಿಹೋಗಿತ್ತು. ಅಕ್ಕ ಅದನ್ನೇ ನೋಡಿದಳು. ಅವಳು ಕೂಗಾಡಿದ್ದರೆ ಒಳ್ಳೆಯದಿತ್ತು. ಸೈಕಲ್ಲಿನವನ ಹಾಗೆ ನೋಡಿದ್ದರೂ ತಡೆದುಕೊಳ್ಳುತ್ತಿದ್ದನೇನೋ. ಅವಳು ನೋಡಿದ್ದು ಬೇರೆ ಥರ, ಮನೆಯಲ್ಲಿ ಏನೋ ಒಡೆದದ್ದು ಗೊತ್ತಾಗಿ, ಒಡೆದವನಿಗಿಂತ ಮೊದಲು ಚೂರು ಎಲ್ಲೆಲ್ಲಿ ಬಿದ್ದಿದೆ ಎಂದು ನೋಡುವವರ ಹಾಗೆ.

"ಮೊದಲ ದಿನದಿಂದ್ಲೂನಾ?"

ಅವನು ತಲೆಯಾಡಿಸಿದ. ಈ ಸಲ ಅದಕ್ಕೆ ಒಂದೇ ಅರ್ಥವಿತ್ತು.

"ಅಷ್ಟೂ ಜನರ ಮುಂದೆ ಹೇಳ್ಕೊಂಡ್ನಲ್ಲೋ ನಾನು" ಎಂದಳು. ಕಿವಿಯ ತುದಿ ಕೆಂಪಾಗಿತ್ತು. ಹಾರನ್‌ಗಳ ನಡುವೆ ಅವನು ಬಾಗಿಲು ತೆರೆದು, ಇಳಿದು ಬಾ ಅಕ್ಕ, ನಾನೇ ಓಡಿಸ್ತೀನಿ, ಇವತ್ತೊಂದು ದಿನ ಎಂದ. ಅನ್ನುತ್ತಲೇ ಅವನಿಗೆ ಗೊತ್ತಿತ್ತು: ಇಳಿಜಾರಿನಲ್ಲಿ ಕೀ ಕೊಟ್ಟು ಇಳಿದವರು ಮತ್ತೆ ಆ ಕೀ ಮುಟ್ಟುವುದಿಲ್ಲ. ಎಷ್ಟು ಜನರನ್ನು ನೋಡಿದ್ದ. ಇವತ್ತೊಂದು ದಿನ ಎಂದು ಇಳಿದು, ಜೀವಮಾನವಿಡೀ ಪಕ್ಕದ ಸೀಟಿನಲ್ಲಿ ಕೂತವರು. ಅಕ್ಕನಿಗೂ ಅದು ಹೇಗೋ ಹೊಳೆದಿರಬೇಕು.

"ಇವತ್ತೊಂದು ದಿನ ಅಂತ ಎಷ್ಟು ದಿನ ಓಡಿಸ್ತೀಯ? ನೀನು ಹಿಂದೆ ಹೋಗಿ ಕೂತ್ಕೊ."

"ಅಕ್ಕಾ, ನಿನಗೆ ಬ್ರೇಕು..."

"ಬರೀ ಅಂದ್ಕೊಂಡ್ರೆ ನಿಲ್ಲಲ್ಲ ಅಂತ ಗೊತ್ತಾಯ್ತಲ್ಲ. ಇನ್ನು ಮೇಲೆ ಅಂದ್ಕೊಂಡು ಒತ್ತುತೀನಿ. ಪಕ್ಕದಲ್ಲಿ ನೀನು ಇದ್ರೆ ನನ್ನ ಕಾಲು ಕೆಲ್ಸ ಮಾಡಲ್ಲ. ಹೋಗು ಹಿಂದೆ."

ಅವನು ಭಾವನ ಕಡೆ ನೋಡಿದ. ಜೀವ ಹೋದರೆ ಮೊದಲು ಹೋಗುವುದು ಅವರದು, ಅವರಾದರೂ ಬೇಡ ಎಂದಾರು ಎಂಬ ಆಸೆ. ಭಾವ ಕೂತಲ್ಲೇ ಸರಿದು ಜಾಗ ಮಾಡಿಕೊಟ್ಟರು. "ಬನ್ನಿ ಮೇಷ್ಟ್ರೇ. ವಾರಕ್ಕೆ ಮೂರು ದಿನ ನನ್ನ ಜೀವ ಒಂದು ಮಷೀನಿನ ಕೈಲಿರುತ್ತೆ. ದಾರಿಯಲ್ಲಾದ್ರೂ ಹೆಂಡ್ತಿ ಕೈಲಿರ್ಲಿ" ಎಂದರು.

ಹಿಂದಿನ ಸೀಟಿನಲ್ಲಿ ಅವನು ಯಾವತ್ತೂ ಕೂತವನಲ್ಲ. ಅಲ್ಲಿಂದ ರಸ್ತೆ ಬೇರೆಯಾಗಿ ಕಂಡಿತು, ಇನ್ನೊಬ್ಬರ ತಲೆಯ ಆಚೀಚೆ ತುಂಡು ತುಂಡಾಗಿ. ಅಕ್ಕನ ಜುಟ್ಟಿನಲ್ಲಿ ಬಿಳಿಕೂದಲು ಎಷ್ಟೊಂದು ಆಗಿದೆ ಎಂದು ಪಕ್ಕದಲ್ಲಿ ಕೂತಿದ್ದಾಗ ಗೊತ್ತಾಗಿರಲಿಲ್ಲ. ಕಾರು ಒಮ್ಮೆ ಬಂದ್ ಆಯಿತು, ಎರಡನೆಯ ಸಲ ಕುಪ್ಪಳಿಸಿ ಹೊರಟಿತು. ಅವಳು ಈಗ ಏನಾದರೂ ಅಂದುಕೊಳ್ಳುತ್ತಿದ್ದಾಳೋ ಇಲ್ಲವೋ ಹಿಂದಿನಿಂದ ಕಾಣಿಸುವಂತಿರಲಿಲ್ಲ. ಎದುರಿಗೆ ಸೇತುವೆ. ಸೇತುವೆಯ ಮೇಲೆ ಒಂದು ಲಾರಿ. ಅವನ ಕಾಲಿಗೆ ಮುಂದಿನ ಸೀಟಿನ ಬೆನ್ನು ಬಿಟ್ಟರೆ ಏನೂ ಸಿಗುತ್ತಿರಲಿಲ್ಲ, ಅದನ್ನು ಒತ್ತಿದರೆ ಅವಳ ಸೊಂಟಕ್ಕೆ ತಾಗುತ್ತದೆ. ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಚಡಪಡಿಸಿದ. ಭಾವ ಅದನ್ನು ನೋಡುತ್ತಿದ್ದವರು, ಅವನ ಕೈ ಹಿಡಿದು, ಬೆರಳುಗಳನ್ನು ತಮ್ಮ ಎಡಗೈಯ ಉಬ್ಬಿನ ಮೇಲೆ ಇಟ್ಟುಕೊಂಡರು. ಚರ್ಮದ ಅಡಿಯಲ್ಲಿ ಝುಮ್ಮೆನ್ನುತ್ತಿತ್ತು. ಬೆಕ್ಕನ್ನು ಮುಟ್ಟಿದ ಹಾಗೆ. ಇಷ್ಟು ತಿಂಗಳು ಕರೆದುಕೊಂಡು ಹೋಗಿ ಬಂದಿದ್ದರೂ ಅವನು ಆ ಕೈಯನ್ನು ಮುಟ್ಟಿರಲಿಲ್ಲ, ಹೆದರಿಕೆಯಿಂದ.

ಒಳ್ಳೆಯದನ್ನು ಯೋಚಿಸಬೇಕು ಎಂದುಕೊಂಡ. ಬರಲಿಲ್ಲ. ಮನಸ್ಸು ಅಭ್ಯಾಸದಂತೆ ಲಾರಿಯ ಟಯರು ಒಡೆಸಿತು, ಸೇತುವೆಯ ಕಟಾಂಜನ ಮುರಿಸಿತು, ಗಾಜು ಚೂರು ಮಾಡಿ ಎಲ್ಲರ ಮಡಿಲಲ್ಲಿ ಸುರಿಯಿತು. ಕೆಟ್ಟದ್ದು ಯೋಚಿಸುವುದು ಎಷ್ಟು ಸಲೀಸು, ಒಳ್ಳೆಯದಕ್ಕೆ ಮೈಮುರಿಯಬೇಕು ಎನ್ನುವುದು ಅವನಿಗೆ ಆಗ ಮೊದಲ ಸಲ ಗೊತ್ತಾದದ್ದು. ಅದು ಅಳುವ ಮಗುವಿಗೆ ಕೊಡುವ ಪೆಪ್ಪರಮಿಂಟು ಎಂದುಕೊಂಡಿದ್ದ. ಚಿಕ್ಕಂದಿನಲ್ಲಿ ಅಪ್ಪ ಹೇಳದೆ ಕೇಳದೆ ದಿನಗಟ್ಟಲೆ ಮನೆಗೆ ಬರದಿದ್ದಾಗ, ಅಕ್ಕ ಇವತ್ತು ಬರ್ತಾರೆ ಎನ್ನುತ್ತಿದ್ದಳು. ಎಂದು ಸುಮ್ಮನಿರುತ್ತಿರಲಿಲ್ಲ, ಅಪ್ಪನ ಪಾಲಿನ ಊಟ ತೆಗೆದು ಮುಚ್ಚಿಡುತ್ತಿದ್ದಳು, ಅವರ ಟವೆಲ್ಲು ಒಗೆದು ಹರವುತ್ತಿದ್ದಳು. ಬರದ ದಿನ ಮುಚ್ಚಿಟ್ಟದ್ದನ್ನು ಬೆಳಿಗ್ಗೆ ಅವನಿಗೇ ಬಡಿಸುತ್ತಿದ್ದಳು, ನಾಳೆ ಬರ್ತಾರೆ ಎಂದು. ಅದನ್ನು ತಿಂದೇ ಬೆಳೆದವನು ಅವನು. ಈಗ, ಬೆರಳ ತುದಿಯಲ್ಲಿ ಝುಮ್ಮೆನ್ನುವುದನ್ನು ಹಿಡಿದುಕೊಂಡು, ದೊಡ್ಡದೇನನ್ನೂ ಬೇಡದೆ, ಒಂದೇ ಒಂದನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದ: ಸೇತುವೆಯ ಆಚೆಗಿನ ಸಿಗ್ನಲ್ಲಿನಲ್ಲಿ, ಬಿಳಿ ಗೆರೆಯ ಹಿಂದೆ, ಈ ಕಾರು ನಿಂತಿರುವುದು. ಅಷ್ಟೇ. ಚಿತ್ರ ನಿಲ್ಲಲಿಲ್ಲ, ಕದಲಿತು, ಲಾರಿ ನುಗ್ಗಿತು. ಮತ್ತೆ ಮೊದಲಿನಿಂದ ಕಟ್ಟಿದ. ಬೆವರಿದ. ಇಷ್ಟು ವರ್ಷ ಪೆಡಲು ಒತ್ತಿದ್ದರಲ್ಲಿ ಇಷ್ಟು ಶ್ರಮ ಇರಲಿಲ್ಲ. ಇದಕ್ಕೆ ಪ್ರಾರ್ಥನೆ ಎನ್ನುತ್ತಾರೋ ಏನೋ ಅವನಿಗೆ ತಿಳಿಯದು. ಕೈಯಲ್ಲಿ ಕಾಲಲ್ಲಿ ಏನೂ ಇಲ್ಲದವನು ಮಾಡಬಹುದಾದದ್ದು ಇದೊಂದೇ ಎಂದು ಮಾತ್ರ ಅನ್ನಿಸಿತು. ಸಿಗ್ನಲ್ ಕೆಂಪಾಯಿತು. ಕಾರು ಗೆರೆಯ ತುಂಬ ಹಿಂದೆ, ನಡುವೆ ಇನ್ನೆರಡು ಗಾಡಿ ನಿಲ್ಲಬಹುದಾದಷ್ಟು ಜಾಗ ಬಿಟ್ಟು, ಮೂಗು ಮುಗ್ಗರಿಸುವಂತೆ ನಿಂತಿತು. ಭಾವನ ತಲೆ ಸೀಟಿಗೆ ಬಡಿಯಿತು. ನಾಜೂಕು ಅನ್ನುವುದು ಲವಲೇಶವೂ ಇರಲಿಲ್ಲ. ಹಿಂದಿನವನು ಹಾರನ್ ಹಾಕಿದ. ಅಕ್ಕ ಮುಂದೆ ಸರಿಯಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಅವಳು ಕಾರನ್ನು ಎರಡು ಗಾಡಿಗಳ ಜಾಗ ಹಿಡಿದು ಓರೆಯಾಗಿ ನಿಲ್ಲಿಸಿದಳು. ವಾಚ್‌ಮನ್ ಬಂದು ಗೊಣಗಿದ, ಮತ್ತೆ ಹಿಂದೆ ತೆಗೆದು ನಿಲ್ಲಿಸಿದಳು, ಮತ್ತೂ ಓರೆಯಾಯಿತು, ವಾಚ್‌ಮನ್ನೇ ಸಾಕು ಬಿಡಿ ತಾಯಿ ಎಂದ. ನರ್ಸು ಭಾವನನ್ನು ಒಳಗೆ ಕರೆದುಕೊಂಡು ಹೋದಳು. ಕಾಯುವವರ ಹಾಲಿನಲ್ಲಿ ಎಲ್ಲ ಮಾಮೂಲಿ ಮುಖಗಳು. ತಾಯಿಯನ್ನು ಕರೆತರುವ ಹೆಂಗಸು ಎದ್ದು ಬಂದು, ಅಕ್ಕನ ಎರಡೂ ಕೈ ಹಿಡಿದು, ಪಾಸಾದ್ರಂತೆ, ನಮಗೆಲ್ಲ ಎಷ್ಟು ಖುಷಿಯಾಯ್ತು ಎಂದಳು. ಆಮೇಲೆ, ಸುತ್ತ ಕೂತವರಿಗೂ ಕೇಳಿಸಲಿ ಎಂದೇ, "ಇವತ್ತೂ ತಾನೇ ನಿಲ್ತಾ ಕಾರು?" ಎಂದು ಕೇಳಿದಳು. ಈಗ ಅಕ್ಕ ಏನು ಹೇಳಿದರೂ ಅದು ತನ್ನ ತಲೆಯ ಮೇಲೇ ಬೀಳುವುದು, ಬೀಳಲಿ ಎಂದುಕೊಂಡು ಅವನು ಗೋಡೆಯ ಕಡೆ ತಿರುಗಿದ.

"ಇಲ್ಲ ಕಣಮ್ಮ" ಎಂದಳು ಅಕ್ಕ. "ಇವತ್ತು ನಾನು ನಿಲ್ಲಿಸ್ದೆ."

ಹೆಂಗಸಿಗೆ ವ್ಯತ್ಯಾಸ ತಿಳಿಯಲಿಲ್ಲ; ಅದೇ ಅದೇ ಎಂದು ನಕ್ಕು ಕೂತಳು. ಅವನಿಗೆ ಮಾತ್ರ ಒಳಗೊಳಗೇ ಕುಟುಕಿತು. ಅಕ್ಕ ಅವನ ಮಾನ ಮುಚ್ಚಲು ಆಡಿದ ಮಾತು ಅದು. ಏಣಿ ಬಾನೆಟ್ಟಿಗೆ ತಾಗಿ ನಿಂತದ್ದು ಅದೃಷ್ಟ, ಅಷ್ಟೇ. ಇಳಿಜಾರು ಅಲ್ಲಿಗೆ ಮುಗಿದಿತ್ತು. ಅದನ್ನು ತಾನು ನಿಲ್ಲಿಸಿದ್ದು ಎನ್ನುತ್ತಿದ್ದಾಳೆ. ಒಂದು ಸುಳ್ಳಿನ ಜಾಗಕ್ಕೆ ಇನ್ನೊಂದು ಸುಳ್ಳು ತಂದು ಇಡುವ ಗತಿ ಅವಳಿಗೆ ಬಂದದ್ದು ತನ್ನಿಂದ. ಸಂಜೆ ಹೊತ್ತಿಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಲು ಹತ್ತಿರ ಹೋದ. ಅವನು ಬಾಯಿ ತೆರೆಯುವ ಮೊದಲೇ ಅಕ್ಕ, ಕ್ಲಾಸಿಗೆ ಹೊತ್ತಾಯಿತಲ್ಲ, ಬಸ್ಸಲ್ಲಿ ಹೋಗು ಎಂದಳು. ಮತ್ತೆ ಬರುವುದೂ ಬೇಡ ಎಂದಳು. ಅವನು ನಿಂತೇ ಇದ್ದ.

"ಮನೆ ಮುಟ್ಟಿದ ಮೇಲೆ ನಾನೇ ಫೋನ್ ಮಾಡ್ತೀನಿ. ಮಧ್ಯ ನೀನು ಮಾಡ್ಬೇಡ ಪಾಪು, ಫೋನ್ ಬಡ್ಕೊಂಡ್ರೆ ನನ್ನ ಗಮನ ಹೋಗುತ್ತೆ."

ಪಾಪು ಎಂದಳಲ್ಲ, ಅಷ್ಟು ಸಾಕಾಯಿತು ಅವನಿಗೆ. ಸಾಕಾಯಿತು ಎಂದುಕೊಂಡು ಬಸ್‌ಸ್ಟಾಪಿಗೆ ನಡೆದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸೇತುವೆ ದಾಟಿತು. ವಾಪಸ್ಸು ಬರುವಾಗ ಅವರಿಗೆ ಬಿಸಿಲು ಎದುರಿಗೆ ಇರುತ್ತದೆ, ಭಾವನಿಗೆ ಸುಸ್ತು ಇರುತ್ತದೆ, ನೀರಿನ ಟ್ಯಾಂಕಿನ ಏರಿನಲ್ಲಿ ಕಾರು ನಿಂತುಹೋದರೆ ಹಿಂದಕ್ಕೆ ಜಾ... ತನ್ನನ್ನು ತಾನೇ ತಡೆದು, ಕಾರನ್ನು ಏರಿನ ಮೇಲೆ ಹತ್ತಿಸಿ ಮನೆಯ ಮುಂದೆ ತಂದು ನಿಲ್ಲಿಸಿದ. ಜಾರಿತು. ಮತ್ತೆ ಹತ್ತಿಸಿದ. ಬಸ್ಸು ಇಳಿಜಾರಿನ ಬುಡಕ್ಕೆ ಬಂದು, ಏಣಿಯವನು ಬಣ್ಣ ಬಳಿಯುತ್ತಿದ್ದ ಕಾಂಪೌಂಡಿನ ಎದುರಿಗೇ, ಜನ ಹತ್ತಿಸಿಕೊಳ್ಳಲು ನಿಂತಿತು. ಅವನು ಅರ್ಧ ನೀಲಿಯಾದ ಗೋಡೆ ನೋಡಿದ, ಗೋಡೆಯಿಂದ ರಸ್ತೆಗೆ ಕಣ್ಣು ಇಳಿಸಿದ. ರಸ್ತೆಯ ಮೇಲೆ ಒಟ್ಟೊಟ್ಟಿಗೆ ಎರಡು ಕಪ್ಪು ಗೀಟುಗಳಿದ್ದವು, ಒಂದು ಆಳುದ್ದ, ಹೊಚ್ಚ ಹೊಸವು. ಕೊನೆಯಲ್ಲಿ ಗಾಢವಾಗಿ, ಗಕ್ಕನೆ ಕಡಿದ ಹಾಗೆ ಮುಗಿದಿದ್ದವು. ಅವನು ಕಿಟಕಿಗೆ ಹಣೆ ಹಚ್ಚಿ ನೋಡಿದ. ಗಾಡಿ ಇಳಿಜಾರು ಮುಗಿದು ತಾನಾಗಿ ನಿಂತರೆ ಟಯರು ಹಾಗೆ ರಸ್ತೆ ಗೀರುವುದಿಲ್ಲ. ಅದೃಷ್ಟಕ್ಕೆ ಟಯರಿನ ಗೀಟು ಬೀಳುವುದಿಲ್ಲ. ಯಾರೋ ಒಬ್ಬರು ಪೆಡಲನ್ನು ತಳ ಮುಟ್ಟುವವರೆಗೆ ತುಳಿದಿದ್ದರು. ಆ ಕಾರಿನಲ್ಲಿ ಇದ್ದದ್ದು ಒಂದೇ ಬ್ರೇಕ್ ಪೆಡಲು.

ಶಾಲೆಯ ಮಕ್ಕಳು ಒಂದಿಷ್ಟು ಜನ ಆ ಗೀಟುಗಳ ಮೇಲೆ ಒಂಟಿಕಾಲಲ್ಲಿ ಕುಂಟುತ್ತ ರಸ್ತೆ ದಾಟಿದರು. ಕಂಡಕ್ಟರು ಬಂದು ಎಲ್ಲಿಗೆ ಎಂದು ಎರಡು ಸಲ ಕೇಳಿದ.